ಬಂಗುಡೆ ತಿನ್ನುವವರಿಗೂ ಥೈರಾಯ್ಡಾ?

ಕಡಲ ಮೀನು ತಿನ್ನುವವರಿಗೆ ಥೈರಾಯ್ಡ್ ಬರೋದಿಲ್ಲ ಅಂತ ಉಳ್ಳಾಲದ ನಮ್ಮ ಮನೆಯಲ್ಲಿ ಗಟ್ಟಿ ನಂಬಿಕೆ ಇತ್ತು. ಹಾಗಾಗಿ ಅಮ್ಮ ಎರಡು ವರ್ಷ ಸುಸ್ತು, ಚಳಿ, ಕೂದಲು ಉದುರ್ತದೆ ಅಂದಾಗಲೆಲ್ಲ ನಾವು ಹೇಳಿದ್ದು ಒಂದೇ ಮಾತು: "ವಯಸ್ಸಾಯ್ತಲ್ಲ ಅಮ್ಮ." ಕೊನೆಗೆ ತೊಕ್ಕೊಟ್ಟಿನ ಲ್ಯಾಬೊಂದರಲ್ಲಿ ರಕ್ತ ಕೊಟ್ಟರು. ಟಿಎಸ್‌ಎಚ್ 38. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕೈದು.

ನಂಬಿಕೆ ಪೂರಾ ಸುಳ್ಳೂ ಅಲ್ಲ. ಅಯೋಡಿನ್ ಕಮ್ಮಿಯಾದರೆ ಗಳಗಂಡ ಬರುತ್ತದೆ, ಕಡಲ ಮೀನಿನಲ್ಲಿ ಅಯೋಡಿನ್ ಉಂಟು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಅಯೋಡಿನ್ ಉಪ್ಪಿನ ಪ್ರಯೋಗ ಶುರುಮಾಡಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಹೀಗೆ ಥೈರಾಯ್ಡ್ ಅಂದರೆ ಊದಿದ ಕತ್ತು, ಅದಕ್ಕೆ ಮದ್ದು ಉಪ್ಪು ಅಂತ ನಮ್ಮ ತಲೆಯಲ್ಲಿ ಕೂತಿತು.

ಅಮ್ಮನ ಕತ್ತು ಊದಿರಲಿಲ್ಲ. ಅವರ ಕಾಯಿಲೆಯ ಚರಿತ್ರೆ ಬೇರೆ. ಅದರ ತುಂಬ ನಡುವಯಸ್ಸಿನ ಹೆಂಗಸರು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಇದನ್ನು ವಿವರಿಸಿದ್ದೇ ಹೆಂಗಸರಲ್ಲಿ ಕಂಡು. 1891ರಲ್ಲಿ ಜಾರ್ಜ್ ಮರ್ರೆ 46 ವರ್ಷದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು! 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಬರೆದ ನಾಲ್ಕು ರೋಗಿಗಳೂ ಹೆಂಗಸರೇ. ದೇಹದ ರಕ್ಷಣಾ ವ್ಯವಸ್ಥೆಯೇ ಇಲ್ಲಿ ಗ್ರಂಥಿಯ ಮೇಲೆ ಬೀಳುತ್ತದೆ ಎಂದು ಲಂಡನ್ನಿನಲ್ಲಿ ಗೊತ್ತಾದದ್ದು ಅದೇ 1956ರಲ್ಲಿ. ಇದಕ್ಕೆ ಬಂಗುಡೆ ಏನು ಮಾಡೀತು?

1970ರ ದಶಕದಲ್ಲಿ ಇಂಗ್ಲೆಂಡಿನ ವಿಕಮ್‌ನಲ್ಲಿ ಊರವರ ರಕ್ತ ಪರೀಕ್ಷಿಸಿದರು. ಟಿಎಸ್‌ಎಚ್ ಏರಿದ್ದದ್ದು ಹೆಂಗಸರಲ್ಲಿ ಶೇ 7.5, ಗಂಡಸರಲ್ಲಿ ಶೇ 2.8. ಹಾಗಾದರೆ ವಯಸ್ಸಾದವರೆಲ್ಲರಿಗೂ ಟೆಸ್ಟ್ ಮಾಡಿಸಿಬಿಡೋಣವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 65 ದಾಟಿದ, ಟಿಎಸ್‌ಎಚ್ ಸ್ವಲ್ಪವೇ ಏರಿದ್ದವರಿಗೆ ಮಾತ್ರೆ ಕೊಟ್ಟು ನೋಡಿದ ಯುರೋಪಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರ ಸುಸ್ತು ಕಮ್ಮಿಯಾಗಲಿಲ್ಲ.

ಅಮ್ಮನ ಕತೆ ಕೇಳಿ ಹೆದರಿದ ದೊಡ್ಡಮ್ಮ ತಾವೂ ಟೆಸ್ಟ್ ಮಾಡಿಸಿದರು. 6 ಬಂತು. ಡಾಕ್ಟ್ರು ಮಾತ್ರೆ ಬರೆಯಲಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. "ಅವಳಿಗೆ ಕೊಟ್ಟಿದ್ದಾರೆ, ನನಗ್ಯಾಕಿಲ್ಲ?" ಅಂತ ದೊಡ್ಡಮ್ಮನಿಗೆ ಇನ್ನೂ ಬೇಜಾರು. ಅಮ್ಮ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಅರ್ಧ ಗಂಟೆ ಗಡಿಯಾರ ನೋಡ್ತಾ ಕಾಫಿಗೆ ಕಾಯ್ತಾರೆ.