ಇವರು ಯಾವ ಸಭೆಯವರು?

ತಿರುವಲ್ಲಾ ಹತ್ತಿರದ ಇರವಿಪೇರೂರಿನಲ್ಲಿ ಒಂದು ಜನ ಬಿಳಿ ಬಟ್ಟೆ ಉಟ್ಟು ಕೂಡುತ್ತಾರೆ. ತಮ್ಮ ಕೂಟಕ್ಕೆ ‘ಸಭೆ’ ಅನ್ನುತ್ತಾರೆ. ‘ರಕ್ಷೆ’ಯ ಮಾತಾಡುತ್ತಾರೆ. ಹಾಗಾದರೆ ಕ್ರೈಸ್ತರೇ ಇರಬೇಕು ಅಂದುಕೊಂಡು ಹುಡುಕಿದರೆ ಬೈಬಲ್ ಇಲ್ಲ. ಹಾಡಿಗೆ ಕಿವಿಗೊಟ್ಟರೆ ಒಂದು ಕಡೆಗೆ ಮಾರಿಹೋದ ಅಪ್ಪ, ಇನ್ನೊಂದು ಕಡೆಗೆ ಮಾರಿಹೋದ ಅವ್ವ, ದಿಕ್ಕಿಲ್ಲದೆ ಅಳುವ ಕೂಸುಗಳು. ಇದು ಯಾವ ಧರ್ಮ?

ಹೆಸರಿನಿಂದಲೇ ಶುರು ಮಾಡೋಣ. ಪ್ರತ್ಯಕ್ಷ ರಕ್ಷಾ ದೈವ ಸಭೆ. ಮಲಯಾಳಂ ಬಾರದವರಿಗೂ ಇದು ಅರ್ಥವಾಗುತ್ತದೆ. ‘ಸಭೆ’ ನಮ್ಮ ಕಡೆಯ ಪ್ರಾಟೆಸ್ಟೆಂಟರೂ ಆಡುವ ಮಾತು. ‘ದೈವ’ ಅಂದರೆ ನಮಗೆ ತುಳುನಾಡಿನ ಭೂತ ನೆನಪಾದೀತು. ಮಲಯಾಳದ ಕ್ರೈಸ್ತರು ತಮ್ಮ ದೇವರನ್ನು ಕರೆಯೋದೇ ಹಾಗೆ. ರಕ್ಷೆ, ದೈವ, ಸಭೆ ಮೂರೂ ಚರ್ಚಿನಲ್ಲಿ ಬಳಕೆಯಾದ ಮಾತುಗಳೇ. ಕಿಡಿ ಇರೋದು ‘ಪ್ರತ್ಯಕ್ಷ’ದಲ್ಲಿ. ಸತ್ತ ಮೇಲಿನ ಸ್ವರ್ಗ ಯಾರಿಗೆ ಬೇಕು, ಬಿಡುಗಡೆ ಇಲ್ಲೇ ಕಣ್ಣೆದುರಿಗೆ ಬರಲಿ ಎಂಬ ಹಟ ಅದರಲ್ಲಿದೆ.

ಈ ಸಭೆ ಕಟ್ಟಿದವರು ಪೊಯ್ಕಯಿಲ್ ಯೋಹನ್ನಾನ್. 1879ರಲ್ಲಿ ಪರಯರ ಮನೆಯಲ್ಲಿ ಹುಟ್ಟಿದ ಕುಮಾರನ್. ತಿರುವಾಂಕೂರಿನಲ್ಲಿ ಗುಲಾಮಗಿರಿ ರದ್ದಾದದ್ದು 1855ರಲ್ಲಿ, ಕಾಗದದ ಮೇಲೆ. ಕುಮಾರನ್‌ನ ಹೆತ್ತವರು ಆಮೇಲೂ ಒಂದು ಸಿರಿಯನ್ ಕ್ರೈಸ್ತ ಮನೆತನದ ಆಳುಗಳೇ. ಧಣಿಗಳ ಮಾರ್ತೋಮ ಸಭೆಗೆ ಸೇರಿ ಹುಡುಗ ಯೋಹನ್ನಾನ್ ಆದ, ನಮ್ಮ ಬೈಬಲ್ಲಿನ ಯೋಹಾನ. ಆದರೆ ಜಾತಿ ಸ್ನಾನದ ನೀರಿಗೆ ತೊಳೆದುಹೋಗುತ್ತದೆಯೇ? ‘ಪುಲಯ ಕ್ರೈಸ್ತ’, ‘ಪರಯ ಕ್ರೈಸ್ತ’ ಅಂತ ಹೊಸ ಹೆಸರಿಗೆ ಹಳೆಯದು ಅಂಟಿಕೊಂಡೇ ಬಂತು. ಅಲ್ಲಿಂದ ಹೊರಬಿದ್ದು ಅವರು ಬ್ರೆದರನ್ ಪಂಗಡಕ್ಕೆ ಹೋದರು. ಅದನ್ನು ಅಲ್ಲಿಯ ಜನ ‘ವೇರ್ಪಾಡು ಸಭೆ’ ಅಂತಾರೆ, ಅಂದರೆ ಬೇರ್ಪಟ್ಟವರ ಸಭೆ. ಎಲ್ಲದರಿಂದ ಬೇರ್ಪಟ್ಟವರು ಜಾತಿಯಿಂದ ಮಾತ್ರ ಬೇರ್ಪಡಲಿಲ್ಲ! ಅದನ್ನೂ ಬಿಟ್ಟು 1909ರ ಹೊತ್ತಿಗೆ ತಮ್ಮದೇ ಸಭೆ ಕಟ್ಟಿದರು.

ಬೈಬಲ್ ಯಾಕಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಪೌಲ ರೋಮಾಪುರದವರಿಗೆ ಪತ್ರ ಬರೆದ, ಕೊರಿಂಥದವರಿಗೆ ಬರೆದ. ತಿರುವಾಂಕೂರಿನ ಪುಲಯರಿಗೆ ಬರೆದ ಪತ್ರ ಎಲ್ಲಿದೆ? ಹೀಗೆ ಕೇಳಿದ ಯೋಹನ್ನಾನ್ ತಮ್ಮವರ ಎದುರಿಗೇ ಬೈಬಲ್ ಸುಟ್ಟರು. ಅಂಬೇಡ್ಕರರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು 1927ರಲ್ಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನಾವು ಒಪ್ಪುವುದಿಲ್ಲ. ಮನುಸ್ಮೃತಿಯಲ್ಲಿ ನಮ್ಮ ಹೆಸರಿತ್ತು, ಶಿಕ್ಷೆಯ ಜೊತೆಗೆ. ಈ ಪುಸ್ತಕದಲ್ಲಿ ಹೆಸರೇ ಇರಲಿಲ್ಲ. ಬರಹದಲ್ಲಿ ಇಲ್ಲದ ಚರಿತ್ರೆಯನ್ನು ಅವರು ಹಾಡಿಗೆ ತಂದರು. ಅಜ್ಜ ಅಜ್ಜಿಯರ ಗುಲಾಮಗಿರಿಯನ್ನು ನೆನೆದು ಒಟ್ಟಿಗೆ ಅಳುವುದೇ ಅಲ್ಲಿ ಆರಾಧನೆಯ ಒಂದು ಭಾಗವಾಯಿತು.

1921ರಲ್ಲೂ 1931ರಲ್ಲೂ ಅವರು ತಿರುವಾಂಕೂರಿನ ಶ್ರೀಮೂಲಂ ಪ್ರಜಾಸಭೆಯ ಸದಸ್ಯರಾದರು. 1939ರಲ್ಲಿ ತೀರಿಕೊಂಡರು. ಆಮೇಲೆ ಜನ ಅವರನ್ನೇ ದೇವರೆಂದರು. ಉಪದೇಶಿಯಾಗಿದ್ದವರು ‘ಅಪ್ಪಚ್ಚನ್’ ಆದರು, ಮುಂದೆ ‘ಶ್ರೀ ಕುಮಾರ ಗುರುದೇವನ್’ ಆದರು. ಯೋಹನ್ನಾನ್ ಎಂಬ ಹೆಸರು ಹಿಂದೆ ಸರಿದು ಕುಮಾರನ್ ವಾಪಸು ಬಂದ.

ಇದು ಬರೀ ಭಕ್ತಿಯ ಮಾತಲ್ಲ ಗೆಳೆಯರೇ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳನ್ನು ಮಾತ್ರ ಪರಿಶಿಷ್ಟ ಜಾತಿ ಎಂದು ಒಪ್ಪಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಇರವಿಪೇರೂರಿನ ಸಭೆ ದಾಖಲೆಯಲ್ಲಿ ಹಿಂದೂ ಆಯಿತು. ಮೋಸ ಅನ್ನುವವರು ಅನ್ನಲಿ. ಚರ್ಚಿನವರು ಇವರನ್ನು ಪರಯರೆಂದು ಗುರುತಿಸಿ ದೂರ ಇಟ್ಟರು. ಸರ್ಕಾರ ಕ್ರೈಸ್ತರೆಂದು ಗುರುತಿಸಿದ್ದರೆ ಅದೂ ದೂರ ಇಡುತ್ತಿತ್ತು. ಭಾನುವಾರ ಪ್ರಾರ್ಥನೆಗೆ ಹೋಗಿ, ಮಗುವಿನ ಅರ್ಜಿಯಲ್ಲಿ ‘ಹಿಂದೂ ಮಾದಿಗ’ ಎಂದು ಬರೆಸುವ ಅಪ್ಪಂದಿರು ನಮ್ಮಲ್ಲೂ ಇದ್ದಾರೆ. ಶಾಲೆಯ ದಾಖಲಾತಿ ಪುಸ್ತಕ ತುಂಬುವ ಮೇಷ್ಟ್ರುಗಳಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ.