ಬಾವಿಗೆ ಎಷ್ಟು ಚಮಚ ಬ್ಲೀಚಿಂಗ್ ಪೌಡರ್?

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರಿಗೆ ಬಾವಿ ನೀರಿನ ಮೇಲೆ ಭಾರೀ ನಂಬಿಕೆ. ತಳಕ್ಕೆ ನೆಲ್ಲಿ ಮರದ ತುಂಡು ಹಾಕಿದರೆ ನೀರು ಸಿಹಿ, ಬೇಸಿಗೆಯಲ್ಲಿ ಒಮ್ಮೆ ಕೆಸರು ತೆಗೆದರೆ ಮುಗಿಯಿತು. ಯಾರಾದರೂ ಬಂದು ಬಿಳಿ ಪುಡಿ ಹಾಕಿ ಹೋದರೆ ಮಾತ್ರ "ಕಾಫಿ ಕುಡಿಲಿಕ್ಕೆ ಆಗುದಿಲ್ಲ ಮಾರಾಯ್ರೆ" ಅಂತ ಎರಡು ದಿನ ಗೊಣಗಾಟ. ಆ ಪುಡಿಯ ಬೆನ್ನು ಹತ್ತಿದ್ದಕ್ಕೆ ಈ ಬರಹ.

ಕಾಲರಾ ನೀರಿನಿಂದ ಹರಡುತ್ತದೆ ಎಂದು ಜಾನ್ ಸ್ನೋ 1854ರಲ್ಲೇ ಲಂಡನ್ನಿನ ಒಂದು ಬೀದಿ ಪಂಪಿನ ಲೆಕ್ಕ ಇಟ್ಟು ತೋರಿಸಿದ್ದ. ನಮ್ಮ ದೇಶದ ಬಾವಿಗಳ ಗೊಡವೆಗೆ ಹೋದವನು ಹ್ಯಾಂಕಿನ್ ಎಂಬ ವಿಜ್ಞಾನಿ. 1890ರ ದಶಕದಲ್ಲಿ ಆಗ್ರಾದಲ್ಲಿದ್ದುಕೊಂಡು, ಬಾವಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿಸಿದ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು! ಬ್ಲೀಚಿಂಗ್ ಪೌಡರ್ ಬಂದದ್ದು ಆಮೇಲೆ.

ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕುಡಿಯುವ ನೀರನ್ನು ಸ್ಥಳೀಯ ಸಂಸ್ಥೆಯ ಹೊಣೆಯ ಪಟ್ಟಿಗೆ ಸೇರಿಸಿದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆ. ಇಂಥ ಸಮಗ್ರ ಕಾಯಿದೆ ದೇಶದಲ್ಲಿ ಅದೇ ಮೊದಲು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾನೂನುಗಳು ಹಳೆಯವೇ ಮುಂದುವರಿದವು.

ನನಗೆ ಬಹಳ ಇಷ್ಟವಾದದ್ದು ಹಾರಾಕ್ಸ್ ಪೆಟ್ಟಿಗೆ. ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಹಾರಾಕ್ಸ್ ಹೆಸರಿನದು. ಒಳಗೆ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಪುಡಿ ಕಲಸಿ, ಆ ತಿಳಿಯನ್ನು ಬಾವಿ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಕ್ರಮವಾಗಿ ಒಂದು ಹನಿ, ಎರಡು ಹನಿ... ಹೀಗೆ ಆರರವರೆಗೆ ಹಾಕುವುದು. ಅರ್ಧ ಗಂಟೆ ಬಿಟ್ಟು ಸ್ಟಾರ್ಚ್ ಅಯೊಡೈಡ್ ಬಿಟ್ಟರೆ ಕ್ಲೋರಿನ್ ಉಳಿದ ಬಟ್ಟಲು ನೀಲಿಯಾಗುತ್ತದೆ. ಮೊದಲು ನೀಲಿಯಾದದ್ದು ಮೂರನೆಯದಾದರೆ 455 ಲೀಟರಿಗೆ ಮೂರು ಚಮಚ, ಅಂದರೆ 6 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,260 ಲೀಟರ್, ಪುಡಿ ಸುಮಾರು 373 ಗ್ರಾಂ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕರೆಂಟು ಬೇಡ, ಲ್ಯಾಬ್ ಬೇಡ. ಇಷ್ಟು ಚೊಕ್ಕ ಅಲ್ಗಾರಿದಂ ನಮ್ಮ ಆಫೀಸಲ್ಲೂ ಯಾರೂ ಬರೆದಿಲ್ಲ :) ಆದರೆ ಅಳೆಯದೆ ಅಂದಾಜಿಗೆ ಸುರಿದರೆ ಕಾಫಿ ಕೆಡುತ್ತದೆ, ಇಲ್ಲವೇ ರೋಗಾಣು ಉಳಿಯುತ್ತದೆ.

1974ರಲ್ಲಿ ಜಲಮಾಲಿನ್ಯ ಕಾಯಿದೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಅದರ ಕಣ್ಣು ನದಿಯ ಮೇಲೆ. ನೇತ್ರಾವತಿಯನ್ನೇ ನೋಡಿ, ಬೆಳ್ತಂಗಡಿ ತಾಲೂಕಿನಲ್ಲಿ ಯಾತ್ರಿಕರು ಮಿಂದ ನೀರು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ತುಂಬೆಯ ಕಿಂಡಿ ಅಣೆಕಟ್ಟಿಗೆ ಬಂದು ಮಂಗಳೂರಿನ ನಲ್ಲಿಗೆ ಹೋಗುತ್ತದೆ.

ಕುಡಿಯುವ ನೀರಿಗೇ ಭಾರತೀಯ ಮಾನಕ 10500 ಬಂದದ್ದು 1983ರಲ್ಲಿ. 1991 ಮತ್ತು 2012ರಲ್ಲಿ ಪರಿಷ್ಕರಣೆ. 100 ಮಿಲಿಲೀಟರಿನಲ್ಲಿ ಒಂದೂ ಕೋಲಿಫಾರ್ಮ್ ಇರಬಾರದು, ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ನಮ್ಮ ಮುರಕಲ್ಲಿನ ನೆಲದ ಬಾವಿಗಳು ಈ ಪಿಎಚ್‌ನಲ್ಲೇ ಆಗಾಗ ಫೇಲು, ನೀರು ಸ್ವಲ್ಪ ಆಮ್ಲೀಯ. ತಮಾಷೆಯೆಂದರೆ ಬಾಟಲಿ ನೀರಿಗೆ 2001ರಲ್ಲಿ ಐಎಸ್ಐ ಗುರುತು ಕಡ್ಡಾಯವಾಯಿತು, ನಲ್ಲಿ ನೀರಿನ ಮಾನಕ ಐಚ್ಛಿಕವಾಗಿಯೇ ಉಳಿಯಿತು. ದುಡ್ಡು ಕೊಟ್ಟವನಿಗೆ ಕಾನೂನು, ಉಳಿದವರಿಗೆ ಸಲಹೆ!

ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಬಾಟಲಿ ಪರೀಕ್ಷೆ ಹಳ್ಳಿಗೆ ದಾರಿ ಮಾಡಿತು. ನೀರು ಕಪ್ಪಾದರೆ ಮಲದ ಸೋಂಕಿನ ಶಂಕೆ. 2006ರ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪ್ರತಿ ಗ್ರಾಮ ಪಂಚಾಯ್ತಿಯ ಐದು ಜನರಿಗೆ ತರಬೇತಿ ಅಂದರು, 2019ರ ಜಲಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಹೆಂಗಸರ ಕೈಗೆ ಕಿಟ್ ಕೊಡುವ ಮಾತಾಡಿತು. ನೀರು ಹೊರುವವರ ಕೈಗೇ ಪರೀಕ್ಷೆ ಕೊಟ್ಟದ್ದು ನನಗೆ ಸರಿ ಕಂಡಿದೆ.

ನಮ್ಮ ಮನೆಯ ಬಾವಿ ಖಾಸಗಿ, ಇದುವರೆಗೆ ಯಾರೂ ಪರೀಕ್ಷೆ ಮಾಡಿದ್ದಿಲ್ಲ. ಹಟ್ಟಿಯಿಂದ ಇಪ್ಪತ್ತು ಹೆಜ್ಜೆ. ಅಮ್ಮ ಈಗಲೂ ಆ ನೀರನ್ನು ಕುದಿಸದೆ ಕುಡಿಯುತ್ತಾರೆ. ಮುಂದಿನ ಸಲ ಊರಿಗೆ ಹೋಗುವಾಗ ಎರಡು ಬಾಟಲಿ ಒಯ್ಯುತ್ತಿದ್ದೇನೆ, ಒಂದು ಪಕ್ಕದ ಮನೆಯವರ ಬಾವಿಗೆ.