ಕಣಕುಂಬಿಗೆ ಬಂದ ಕೊರಿಯಾದ ಅತಿಥಿ ಮತ್ತು ಹೊರಗಿನ ಲೋಟ

ತುಂಬಾ ದಿನಗಳಿಂದ ಈ ಕಡೆ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯ ಬರೆಯೋ ಧೈರ್ಯ ಇರಲಿಲ್ಲ. ಇವತ್ತು ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮೂರು ಕಣಕುಂಬಿ, ಖಾನಾಪುರ ತಾಲ್ಲೂಕು. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಟ್ಟದ ಮೇಲೆ ಗೋವಾಕ್ಕೆ ಹೋದವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಮಾವುಲಿ ದೇವಿ ಗುಡಿಯ ಪಕ್ಕದ ತೀರ್ಥದಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ನಮ್ಮ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಘಟ್ಟ ಇಳಿದರೆ ಕೊಂಕಣಿ. ಮಳೆಗಾಲದಲ್ಲಿ ಮಾತ್ರ ಮೂರು ಭಾಷೆಯವರಿಗೂ ಒಂದೇ ಮಾತು: ಯಾವಾಗ ನಿಲ್ತದೋ ಈ ಮಳಿ!

2024ರ ಮಳೆಗಾಲ. ಬೆಂಗಳೂರಿನಲ್ಲಿ ಕೆಲಸ ಮಾಡೋ ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ನಮ್ಮ ಆಫೀಸಿನಾಗ ಕೊರಿಯಾದವರೊಬ್ಬರು ಅದಾರ. ನನ್ನ ಜೋಡಿ ಗೋವಾಕ್ಕ ಹೊಂಟಾರ. ಒಂದಿನ ಮನಿಗೆ ಕರಕೊಂಡ ಬರ್ಲೇನು?" ಅವ್ವನಿಗೆ ಹೇಳಿದರೆ, "ಬರ್ಲಿ ಬಿಡು, ಅವರೂ ಅನ್ನಾನ ಉಣ್ತಾರಲ್ಲ" ಅಂದಳು. ಅವಳ ಮಟ್ಟಿಗೆ ಕೊರಿಯಾ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಚಿಂತೆ. ಇತಿಹಾಸದ ಹುಚ್ಚಿರುವವನಿಗೆ ಒಂದು ನೆಪ ಸಿಕ್ಕರೆ ಸಾಕಲ್ಲ, ವಾರಗಟ್ಟಲೆ ಓದಿ ಕೊರಿಯನ್ನರ ರೀತಿ-ರಿವಾಜಿನ ಒಂದು ಪಟ್ಟಿಯನ್ನೇ ಮಾಡಿಕೊಂಡೆ.

ಪಟ್ಟಿ ಓದುತ್ತಾ ಹೋದಂತೆ ನಗು ಬಂತು. ಅರ್ಧಕ್ಕರ್ಧ ನಮ್ಮ ಮನೆಯದೇ!

ಮನೆಯೊಳಗೆ ಚಪ್ಪಲಿ ಕೂಡದು. ಅವರಲ್ಲಿ ಇದಕ್ಕೆ ಕಾರಣ ನೆಲ. ಓಂದೋಲ್ ಅಂತ ಒಂದು ಪದ್ಧತಿ. ಒಲೆಯ ಬಿಸಿ ಹೊಗೆಯನ್ನು ನೆಲದ ಕಲ್ಲುಗಳ ಕೆಳಗೆ ಹಾಯಿಸಿ ಕೋಣೆಯನ್ನು ಬೆಚ್ಚಗಿಡುವುದು. ಬೆಚ್ಚಗಿರುವ ನೆಲದ ಮೇಲೇ ಕೂರುವುದು, ಉಣ್ಣುವುದು, ಮಲಗುವುದು. ಅಂಥ ನೆಲವನ್ನು ಚಪ್ಪಲಿಯಲ್ಲಿ ತುಳಿದರೆ ತಾಟಿನಲ್ಲಿ ಕಾಲಿಟ್ಟ ಹಾಗೆ. ಸಗಣಿ ಸಾರಿಸಿದ ನೆಲದ ಮೇಲೆ ಉಂಡು ಮಲಗಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಹಿರಿಯರಿಗೆ ಏನಾದರೂ ಕೊಡುವಾಗ, ಅವರಿಂದ ತೆಗೆದುಕೊಳ್ಳುವಾಗ ಎರಡೂ ಕೈ ಬಳಸಬೇಕು. ಇಲ್ಲವೇ ಬಲಗೈ ಚಾಚಿ, ಎಡಗೈಯನ್ನು ಅದಕ್ಕೆ ಆಸರೆ ಕೊಡಬೇಕು. ಮಾವುಲಿ ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗ ಬಲಗೈ ಕೆಳಗೆ ಎಡಗೈ ತಾನೇ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಎದುರಾದವರನ್ನು "ಊಟ ಆಯ್ತಾ?" ಅಂತ ಮಾತಾಡಿಸುವುದು ಅವರಲ್ಲೂ ಇದೆ. ಅಲ್ಲಿ ಅಪ್ಪನಿಗೆ ಅಪ್ಪಾ ಅಂತಲೇ ಅನ್ನುತ್ತಾರೆ. ಊಟದ ಅಂಗಡಿಯ ಹೆಂಗಸನ್ನು ಎಷ್ಟೋ ಜನ 'ಇಮೊ' ಅಂತ ಕರೆಯುತ್ತಾರೆ, ಅಂದರೆ ತಾಯಿಯ ತಂಗಿ ಅಥವಾ ಅಕ್ಕ. ನಾವು ಜಾಂಬೋಟಿಯಲ್ಲಿ ಚಹಾದಂಗಡಿಯವಳನ್ನು ಮಾವಶಿ ಅಂತೀವಲ್ಲ, ಅದೇ ಅರ್ಥ. ಇನ್ನು ಹೊರಡುವಾಗಿನ ಮಾತು. ನಮ್ಮಲ್ಲಿ ಯಾರೂ "ಹೋಗ್ತೀನಿ" ಅನ್ನುವುದಿಲ್ಲ. ಕನ್ನಡದವರು ಬರ್ತೀನಿ, ಮರಾಠಿಯವರು ಯೇತೋ, ಕೊಂಕಣಿಯವರು ಯೇತಾಂ. ಕೊರಿಯಾದಲ್ಲಿ ಹೊರಟವರು ಉಳಿದವರಿಗೆ "ಸುಖವಾಗಿ ಇರಿ" ಅಂದರೆ, ಉಳಿದವರು ಹೊರಟವರಿಗೆ "ಸುಖವಾಗಿ ಹೋಗಿ" ಅನ್ನುತ್ತಾರೆ.

ಅಲ್ಲಿ ಪರಿಚಯವಾದ ಸ್ವಲ್ಪ ಹೊತ್ತಿಗೇ ವಯಸ್ಸು ಕೇಳಿದರೆ ಬೇಸರ ಮಾಡಿಕೊಳ್ಳಬಾರದಂತೆ. ಎದುರಿಗಿರುವವರು ಹಿರಿಯರೋ ಕಿರಿಯರೋ ಗೊತ್ತಾಗದೆ ಕ್ರಿಯಾಪದದ ಕೊನೆ ಹೇಗೆ ಮಾಡಬೇಕೆಂದು ತಿಳಿಯುವುದಿಲ್ಲ. ನಮ್ಮ ನೀನು-ನೀವು ತರಹ, ಆದರೆ ಇನ್ನೂ ಹೆಚ್ಚು ಮೆಟ್ಟಿಲು. ಹಳೆಯ ಲೆಕ್ಕದಲ್ಲಿ ಮಗು ಹುಟ್ಟಿದ ದಿನವೇ ಅದಕ್ಕೆ ಒಂದು ವರ್ಷ. 2023ರ ಜೂನ್‌ನಿಂದ ಕಾನೂನಿನಲ್ಲಿ ಎಲ್ಲ ಕಡೆಯ ಲೆಕ್ಕವೇ ಬಂತು. ಇಡೀ ದೇಶಕ್ಕೆ ಒಂದೇ ದಿನ ವಯಸ್ಸು ಕಡಿಮೆಯಾಯಿತು ಅಂತ ಜನ ತಮಾಷೆ ಮಾಡಿದರು :)

ಇದೆಲ್ಲ 'ಅನಾದಿ ಕಾಲದಿಂದ' ಬಂದದ್ದು ಅಂದುಕೊಳ್ಳುವ ಹಾಗಿಲ್ಲ. ಜೋಸನ್ ರಾಜಮನೆತನ ಶುರುವಾದದ್ದು 1392ರಲ್ಲಿ. ಕನ್‌ಫ್ಯೂಷಿಯಸ್ ಪಂಥವನ್ನು ರಾಜ್ಯದ ನೀತಿ ಮಾಡಿಕೊಂಡು ಮದುವೆ, ತಿಥಿ, ಹಿರಿಯ-ಕಿರಿಯ ಎಲ್ಲಕ್ಕೂ ಕಟ್ಟಳೆ ತಂದವರು ಅವರು. ಅದಕ್ಕೂ ಮುಂಚೆ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿತ್ತು, ಮದುವೆಯಾದ ಗಂಡು ಹೆಂಡತಿಯ ಮನೆಯಲ್ಲಿ ಇರುವುದಿತ್ತು. ಅವು ಪೂರ್ತಿ ಮರೆಯಾಗಲು ಹದಿನೇಳನೆಯ ಶತಮಾನ ಬರಬೇಕಾಯಿತು. ರಿವಾಜಿಗೂ ಹುಟ್ಟಿದ ದಿನ ಇರುತ್ತದೆ. ಅಂದಮೇಲೆ ಸಾಯುವ ದಿನವೂ ಇರಬೇಕು.

ಹೊರಗಿನಿಂದ ಹೋದವರಿಗೆ ಆ ದೇಶ ಹೇಗೆ ಕಂಡಿತು? 1653ರಲ್ಲಿ ಡಚ್ಚರ ಒಂದು ಹಡಗು ಜೇಜು ದ್ವೀಪಕ್ಕೆ ಬಡಿದು ಒಡೆಯಿತು. 64 ಜನರಲ್ಲಿ ಬದುಕಿದವರು 36. ಹಡಗಿನ ಲೆಕ್ಕ ಬರೆಯುವವ ಹೆಂಡ್ರಿಕ್ ಹಾಮೆಲ್. ನಮ್ಮನ್ನು ಜಪಾನಿಗೆ ಕಳಿಸಿಕೊಡಿ ಅಂತ ರಾಜನ ಮುಂದೆ ಬೇಡಿಕೊಂಡರೆ, ಬಂದ ಪರದೇಶಿಗಳನ್ನು ಹೊರಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ, ಅನ್ನ-ಬಟ್ಟೆ ನೋಡಿಕೊಳ್ಳುತ್ತೇವೆ ಅಂದರು. ಅಲ್ಲಿ ಇವರಿಗೆ ದುಭಾಷಿಯಾಗಿ ಸಿಕ್ಕವನೂ ಒಬ್ಬ ಡಚ್ಚನೇ. 1627ರಲ್ಲಿ ಸಿಕ್ಕಿಬಿದ್ದು ತಾಯ್ನುಡಿಯನ್ನೇ ಹೆಚ್ಚುಕಡಿಮೆ ಮರೆತಿದ್ದ! (ಗಡಿಯಲ್ಲಿರುವ ನನಗೆ ಈ ಮನುಷ್ಯನ ಕಥೆ ಓದಿ ಎದೆ ಝಲ್ ಅಂದಿತು.) ಹದಿಮೂರು ವರ್ಷ ಕಳೆದು 1666ರಲ್ಲಿ ಹಾಮೆಲ್ ಸೇರಿ ಎಂಟು ಜನ ದೋಣಿಯಲ್ಲಿ ನಾಗಸಾಕಿಗೆ ತಪ್ಪಿಸಿಕೊಂಡರು. 1668ರಲ್ಲಿ ಅಚ್ಚಾದ ಅವನ ಬರಹ ಯುರೋಪಿಗೆ ಕೊರಿಯಾದ ಮೊದಲ ಪರಿಚಯ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ದಾರಿಹೋಕ ಯಾವುದಾದರೂ ಸಾಮಾನ್ಯರ ಮನೆಯ ಅಂಗಳದಲ್ಲಿ ಕೂತು ತನಗೆ ಬೇಕಾದಷ್ಟು ಅಕ್ಕಿ ಇಟ್ಟರೆ ಸಾಕು, ಮನೆಯವರು ಬೇಯಿಸಿ, ನೆಂಚಿಕೊಳ್ಳಲು ಏನಾದರೂ ಇಟ್ಟು ಬಡಿಸುತ್ತಿದ್ದರಂತೆ.

ಒಳಗೇ ಬಿಟ್ಟುಕೊಳ್ಳದಿದ್ದದ್ದೂ ಉಂಟು. 1953ರಲ್ಲಿ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ವಿಷಯ ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ತುಳಿಯಕೂಡದು ಅಂದ. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರ ಗಡಿಪಟ್ಟಿಗೆ ಇಳಿಸಬೇಕಾಯಿತು. ಕೊನೆಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ ಅಂದ 88 ಜನ ನಮ್ಮ ಸೈನಿಕರ ಜೊತೆ 1954ರಲ್ಲಿ ಭಾರತಕ್ಕೇ ಬಂದರು.

ನಾವು ಹೇಗೆ ನೋಡಿಕೊಂಡೆವು ಬಂದವರನ್ನು? 1443ರಲ್ಲಿ ಹಂಪಿಗೆ ಬಂದ ಅಬ್ದುರ್ ರಜಾಕ್ ಬರೆದಿಟ್ಟಿದ್ದಾನೆ. ಪ್ರೌಢದೇವರಾಯನ ದರ್ಬಾರಿಗೆ ಹೋದಾಗಲೆಲ್ಲ ವೀಳ್ಯ, ಕರ್ಪೂರ, ಹಣದ ಚೀಲ. ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ. (ಅದೇ 1443ರ ಕೊನೆಗೆ ಅತ್ತ ಸೆಜೊಂಗ್ ರಾಜ ಹಂಗುಲ್ ಲಿಪಿ ಮಾಡಿ ಮುಗಿಸಿದ.) ಇಲ್ಲಿ ನೋಡಿ, ಕೊಟ್ಟದ್ದು ಧಾರಾಳ, ಆದರೆ ಕೊಟ್ಟದ್ದು ಹಸಿ ಸಾಮಾನು. ನಮ್ಮ ಕಡೆ ಇದಕ್ಕೆ ಶಿಧಾ ಅಂತಾರೆ. ಬೇಯಿಸಿಕೊಳ್ಳೋದು ಅವರವರದು. ಹಾಮೆಲ್ ಕಂಡ ಅಂಗಳದಲ್ಲಿ ಅತಿಥಿಯ ಅಕ್ಕಿ, ಮನೆಯವರ ಒಲೆ. ನಮ್ಮಲ್ಲಿ ಮನೆಯವರ ಅಕ್ಕಿ, ಒಲೆ ಮಾತ್ರ ಬೇರೆ.

1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದ. ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತಿದ. ಭಾರತದಲ್ಲಿ ಅವನಿಗೆ ಮೋಜೆನಿಸಿದ್ದು ನಾವು ನೀರು ಕುಡಿಯುವ ರೀತಿ. ಪಾತ್ರೆಗೆ ತುಟಿ ತಾಗಿಸದೆ ಮೇಲಿಂದ ಗಟಗಟ ಸುರಿದುಕೊಳ್ಳುವುದು. ಅವನೂ ಕಲಿತ. ಮೈ ನೆನೆಸಿಕೊಂಡವನು ಅಥವಾ ಕೆಮ್ಮಿದವನು ಸೋತ ಅಂತ ಗೆಳೆಯರ ಜೊತೆ ಪಂದ್ಯ ಬೇರೆ ಕಟ್ಟಿದ! ನಾನೂ ಇದನ್ನು ಓದಿ ನಕ್ಕಿದ್ದೆ. ಈಗ ನಗು ಬರೋದಿಲ್ಲ. ಯಾಕೆ ಅಂತ ಹೇಳ್ತೀನಿ.

ಅತಿಥಿ ಬಂದರು. ಜೋರು ಮಳೆ. ಅವ್ವ "ಬರ್ರಿ, ಬರ್ರಿ" ಅಂತ ಒಳಗೆ ಬೆಲ್ಲ-ನೀರು ತರಲು ಹೋದಳು. ಅವರು ಬಾಗಿ ನಮಸ್ಕರಿಸಿ, ಶೂ ಬಿಚ್ಚಿಟ್ಟು, ಕಾಲು ತೊಳೆದುಕೊಂಡರು. ನಮ್ಮ ಪಡಸಾಲೆಯ ಹೊರಗೆ ಹಂಡೆಯ ಮೇಲಿನ ಗೂಡಿನಲ್ಲಿ ಒಂದು ಲೋಟ ಇರುತ್ತದೆ. ಬಾಯಾರಿತ್ತೇನೋ, ಅದನ್ನು ತೆಗೆದುಕೊಂಡು, ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಹಿರಿಯರ ಎದುರು ಅಂತ ಮುಖ ಸ್ವಲ್ಪ ಆಚೆ ತಿರುಗಿಸಿ ಕುಡಿದರು.

ಆ ಲೋಟ ನಮ್ಮ ಗದ್ದೆಯ ಕೆಲಸಕ್ಕೆ ಬರುವ ಹೆಂಗಸಿನದು. ಅಂದರೆ ಅವಳಿಗಾಗಿ ನಾವು ಇಟ್ಟದ್ದು. ಅವಳು ಅಲ್ಲೇ ಮಾಡಿನ ಕೆಳಗೆ ನಿಂತಿದ್ದಳು. ಬೆಲ್ಲದ ತಾಟು ಹಿಡಿದು ಹೊಸ್ತಿಲಿಗೆ ಬಂದ ಅವ್ವ ಅಲ್ಲೇ ನಿಂತಳು. ಯಾರೂ ಮಾತಾಡಲಿಲ್ಲ. ಅತಿಥಿ ನಮ್ಮೆಲ್ಲರ ಮುಖ ನೋಡಿ, ನನ್ನಿಂದ ಏನಾದರೂ ತಪ್ಪಾಯಿತೇ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕನ ಮಗ ನನ್ನ ಮುಖ ನೋಡಿದ.

ನಾನು ವಾರಗಟ್ಟಲೆ ಓದಿದ್ದೆ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿಡಬಾರದು, ಕೆಂಪು ಶಾಯಿಯಲ್ಲಿ ಹೆಸರು ಬರೆಯಬಾರದು, ಎಲ್ಲ ಗೊತ್ತಿತ್ತು. ನಮ್ಮ ಮನೆಯ ಗೂಡಿನಲ್ಲಿರುವ ಲೋಟ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. "ತಪ್ಪು ನಿಮ್ಮದಲ್ಲ, ನಮ್ಮದು" ಅಂದೆ. ಅಷ್ಟೇ ಅಂದೆ. ರಾತ್ರಿ ಊಟವಾದ ಮೇಲೆ ಪೂರ್ತಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

ಅವರು ಹೋದಮೇಲೆ ಮತ್ತೆ ಓದಲು ಕೂತೆ. ಈ ಸಲ ಬೇರೆಯದನ್ನು. ಅವರಲ್ಲೂ ಬೆಕ್‌ಜೊಂಗ್ ಅಂತ ಒಂದು ಪಂಗಡ ಇತ್ತು, ಪ್ರಾಣಿ ಕೊಯ್ಯುವವರು, ಬುಟ್ಟಿ ಹೆಣೆಯುವವರು. ಊರಿನಿಂದ ಬೇರೆ ವಾಸ. ಚಿಕ್ಕ ಹುಡುಗರು ಕೂಡ ಅವರ ಮುದುಕರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಹಿರಿಯರಿಗೆ ಎರಡು ಕೈ ಎನ್ನುವ ನಿಯಮ ಅವರ ಹಿರಿಯರಿಗೆ ಇರಲಿಲ್ಲ. 1894ರಲ್ಲಿ ಕಾನೂನು ಆ ಭೇದ ತೆಗೆಯಿತು, ರೂಢಿ ತೆಗೆಯಲಿಲ್ಲ. 1923ರ ಏಪ್ರಿಲ್‌ನಲ್ಲಿ ಜಿಂಜು ಊರಿನಲ್ಲಿ ಅವರೇ ಹ್ಯೊಂಗ್‌ಪ್ಯೊಂಗ್‌ಸಾ ಅಂತ ಸಂಘ ಕಟ್ಟಿದರು. ತಕ್ಕಡಿಯ ಹಾಗೆ ಸಮ ಮಾಡುವ ಸಂಘ ಅಂತ ಅರ್ಥ. ಮಾಂಸ ತೂಗುವವರು ಇಟ್ಟುಕೊಂಡ ಹೆಸರು ನೋಡಿ!

1923. ಮರುವರ್ಷ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಸಲ. ಅಸ್ಪೃಶ್ಯತೆ ಹೋಗಬೇಕು ಅಂತ ಅಲ್ಲಿ ಹೇಳಿದರು. 1925ರಲ್ಲಿ ನಿಪ್ಪಾಣಿಗೆ ಅಂಬೇಡ್ಕರ್ ಬಂದರು. 1950ರಲ್ಲಿ ಸಂವಿಧಾನದ 17ನೆಯ ವಿಧಿ ಬಂತು. 2024ರಲ್ಲಿ ಲೋಟ ಗೂಡಿನಲ್ಲೇ ಇತ್ತು. ನಾನು ದಿನಾ ನೋಡುತ್ತಿದ್ದೆ. ಅವರು ವಯಸ್ಸು ಕೇಳ್ತಾರೆ ಅಂತ ನಕ್ಕೆನಲ್ಲ, ನಾವು ಕೇಳೋದೇನು? "ಯಾವೂರು? ಅಡ್ಡಹೆಸರೇನು?" ಯಾಕೆ ಕೇಳ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಲೋಟ ಕೊಡಬೇಕು ಅಂತ ತಿಳಿಯೋಕೆ.

ಆ ಲೋಟ ತೆಗೆದು ಒಳಗಿನ ಲೋಟಗಳ ಜೊತೆ ಇಟ್ಟೆ. ಅವ್ವ ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದನ್ನು ಬೇರೆಯೇ ತಿಕ್ಕುತ್ತಿದ್ದಳು. ಈಗ ಯಾವುದು ಯಾವುದೋ ನನಗೇ ಗುರುತು ಸಿಗೋದಿಲ್ಲ. ಅವ್ವನಿಗೆ ಸಿಗುತ್ತದೋ ಏನೋ, ಕೇಳಿಲ್ಲ.

ಚಹಾದಂಗಡಿಯವಳನ್ನು ಮಾವಶಿ ಅನ್ನುವ ನಾನು ಇವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವಳು. ಮರುದಿನ "ಮಾವಶಿ, ಒಳಗ ಬರ್ರಿ, ನೀರ ಕುಡೀರಿ" ಅಂದೆ. ನನ್ನ ಬಾಯಿಗೇ ಅದು ಹೊಸದು. ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು ಲೋಟ ಇಸಿದುಕೊಂಡು, ತಲೆ ಮೇಲಕ್ಕೆತ್ತಿ, ತುಟಿಗೆ ತಾಗಿಸದೆ ಗಟಗಟ ಸುರಿದುಕೊಂಡಳು. ಇವತ್ತಿಗೂ ಹಾಗೇ ಕುಡಿಯುತ್ತಾಳೆ.

ನಮ್ಮೂರಲ್ಲಿ ಹುಟ್ಟಿದ ಮಲಪ್ರಭೆ 300 ಕಿಲೋಮೀಟರಿಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಬಸವಣ್ಣನ ಊರಲ್ಲಿ. ನೀರು ಅಷ್ಟು ದೂರ ಹೋಗುತ್ತದೆ. ನಮಗೆ ಅಂಗಳದಿಂದ ಪಡಸಾಲೆಗೆ ಬರೋದೇ ಇಷ್ಟು ಕಷ್ಟ.

ನಿಮ್ಮ ಊರುಗಳಲ್ಲಿ ಬಂದವರಿಗೆ ಏನು ಕೊಡ್ತೀರಿ, ಏನು ಕೇಳ್ತೀರಿ, ಬರೆಯಿರಿ. ಗೂಡಿನಲ್ಲಿ ಏನಾದರೂ ಇದ್ದರೆ ಅದನ್ನೂ ಬರೆಯಿರಿ. ಬರ್ತೀನಿ.